ಹಳ್ಳದ ಮರಳಿನ ಚಿಟ್ಟೆಗಳು

ಐವತ್ತರ ದಶಕದಲ್ಲಿ ನನ್ನ ಗಂಡ ಭೀಮನಬೀಡಿನಲ್ಲಿ ಮೇಷ್ಟ್ರಾಗಿದ್ದರು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹಿತ್ತಲಿನ ನಿಂಬೆಗಿಡಗಳ ಸುತ್ತ ಬಿದಿರು ನೆಟ್ಟು, ನಾನು ತವರಿನಿಂದ ತಂದಿದ್ದ ಸೊಳ್ಳೆಪರದೆಯನ್ನು ಹೊದಿಸಿ, ಅದರೊಳಗೆ ಚಿಟ್ಟೆ ಸಾಕಿದ್ದರು. ಗೂಡೊಡೆದು ಬಂದ ಚಿಟ್ಟೆ ಒದ್ದೆ ರೆಕ್ಕೆ ಬಿಡಿಸುವುದನ್ನು ಶಾಲೆಯ ಮಕ್ಕಳಿಗೆ ತೋರಿಸುವ ಹುಚ್ಚು ಅವರಿಗೆ. ನಾನು ಬಟ್ಟೆ ಒಗೆಯುತ್ತಿದ್ದರೆ ಅವೆಲ್ಲ ನನ್ನ ಕಡೆಯ ಪರದೆಗೇ ಬಂದು ಅಂಟಿಕೊಳ್ಳುತ್ತಿದ್ದವು. ಮೈ ಜುಮ್ಮೆನ್ನುತ್ತಿತ್ತು.

ಮಳೆ ಬಿಟ್ಟ ಒಂದು ಭಾನುವಾರ, ಕಾಡಂಚಿನ ಹಳ್ಳದಲ್ಲಿ ಚಿಟ್ಟೆ ಮುತ್ತಿವೆಯೆಂದು ದನ ಕಾಯುವ ತಾತ ಹೇಳಿದ. ಇವರು ಬೆಳಿಗ್ಗೆಯೇ ಹೊರಟರು. ನಿಮ್ಮ ಮೈ ಬೆಚ್ಚಗಿದೆ, ಬೇಡ ಎಂದೆ. ಕೇಳಲಿಲ್ಲ. ಊಟದ ಹೊತ್ತು ಮೀರಿದರೂ ಬಾರದಿದ್ದಾಗ ಆ ತಾತನನ್ನೇ ಕರೆದುಕೊಂಡು ಹುಡುಕಲು ಹೋದೆ.

ಹಳ್ಳದ ಹತ್ತಿರ ಒಂದು ಹಕ್ಕಿಯ ದನಿಯೂ ಇರಲಿಲ್ಲ. ಒದ್ದೆ ಮರಳಿನ ಮೇಲೆ ಹಳದಿ, ನೀಲಿ, ಕಪ್ಪು ಚಿಟ್ಟೆಗಳು ರೆಕ್ಕೆ ಮಡಿಸಿ ಕೂತಿದ್ದವು. ಒಂದು ಕಡೆ ಮಾತ್ರ ಗುಡ್ಡೆಯಾಗಿದ್ದವು. ಆ ಗುಡ್ಡೆಗೆ ಕಾಲುಗಳಿದ್ದವು.

“ಅಲ್ಲೇ ನಿಂತ್ಕಳಿ ಕಣವ್ವ,” ತಾತ ಕೈ ಅಡ್ಡ ಹಿಡಿದ. “ಸತ್ತ ದನದ ಮ್ಯಾಲೂ ಇಂಗೇ ಕುಂತ್ಕತವೆ.”

ಅವನ ಕೈ ತಳ್ಳಿ ಓಡಿದೆ. ಅವು ಹಾರಲೇ ಇಲ್ಲ. ಇವರ ಕೆನ್ನೆ, ತುಟಿ, ಮುಚ್ಚಿದ ರೆಪ್ಪೆಗಳ ಮೇಲೆಲ್ಲ ಕೂತು, ಕೂದಲೆಳೆಯಂಥ ನಾಲಗೆ ಚಾಚಿ ಹೀರುತ್ತಿದ್ದವು. ಸೆರಗಿನಿಂದ ಬಡಿದರೆ ಎದ್ದು ಮತ್ತೆ ಅಲ್ಲೇ ಕೂತವು.

“ರೀ...” ಎಂದೆ. ರೆಪ್ಪೆ ಅದುರಿತು.

“ಉಸ್ರದೆ ಕಣವ್ವ! ಎತ್ತನ ಬನ್ನಿ,” ಎಂದ ತಾತ.

ಎತ್ತಿನಗಾಡಿಯಲ್ಲಿ ಗುಂಡ್ಲುಪೇಟೆಗೆ ಸಾಗಿಸಿದೆವು. ಮಲೇರಿಯಾ ಎಂದರು ಡಾಕ್ಟರು. ಬೆವರಿನ ಉಪ್ಪಿಗೆ ಚಿಟ್ಟೆ ಬರುವುದುಂಟು, ಹೆದರಬೇಡಿ ಎಂದೂ ಹೇಳಿದರು.

ಹತ್ತು ದಿನಕ್ಕೆ ಜ್ವರ ಬಿಟ್ಟಿತು. ಇವರು ಮನೆಗೆ ಬಂದವರೇ ಮೊದಲು ಹಿತ್ತಲಿಗೆ ಹೋಗಿ ಪರದೆ ಬಿಚ್ಚಿದರು. ಚಿಟ್ಟೆಗಳು ಒಂದೊಂದಾಗಿ ಗೋಡೆ ದಾಟಿದವು. ಆಗ ಕೇಳಿದೆ: “ಅಲ್ಲಿ ಮಲಗಿದ್ದಾಗ ನಿಮಗೆ ಎಚ್ಚರ ಇತ್ತಾ?”

“ಇತ್ತು ಕಣೆ. ಕೈ ಎತ್ತೋಕೆ ಆಗ್ಲಿಲ್ಲ ಅಷ್ಟೆ. ಬೆಳಿಗ್ಗೆ ಬಿದ್ದಾಗ್ಲಿಂದ್ಲೂ ನಿನ್ನ ದನಿ ಕೇಳ್ತಾನೇ ಇತ್ತಲ್ಲ, ಕಿವಿ ಪಕ್ಕದಲ್ಲೇ. ಎದ್ದು ಬಾ, ಕಾಡೊಳಕ್ಕೆ ಬಾ ಅಂತಿದ್ದೆ ನೀನು. ನನಗೇ ಏಳೋಕಾಗ್ಲಿಲ್ಲ.”

ನಾನು ಹಳ್ಳಕ್ಕೆ ಹೋದದ್ದು ಮಧ್ಯಾಹ್ನ ದಾಟಿದ ಮೇಲೆ. ಅವರನ್ನು ಎಂದೂ ಏಕವಚನದಲ್ಲಿ ಕರೆದವಳೂ ಅಲ್ಲ.