ಹಕ್ಕಿಗಳಿಗಿಟ್ಟ ನೀರು, ಮಾವನ ಕಾಲು

ಪುಂಜಾಲಕಟ್ಟೆಯಿಂದ ನಡೆದು ಬಂದ ಮಾವ ನನ್ನ ಕೊಳದ ನೀರನ್ನು ಚೆಂಬಿನಲ್ಲಿ ಮೊಗೆದು ಕಾಲಿಗೆ ಹೊಯ್ದುಕೊಳ್ಳುತ್ತಿದ್ದರು. ಬೆಲ್ಲ, ನೀರು ಹಿಡಿದು ಜಗಲಿಗೆ ಬಂದ ನಾನು ಅಲ್ಲೇ ನಿಂತುಬಿಟ್ಟೆ.

ಅರವತ್ತನೇ ಇಸವಿಯ ಆಚೀಚೆಯ ಮಾತಿದು. ಕೊಳವೆಂದರೆ ದನಗಳಿಗೆ ಅಕ್ಕಿ ತೊಳೆದ ಅಕ್ಕಚ್ಚು ಕೊಡುತ್ತಿದ್ದ ಹಳೆಯ ಕಲ್ಲಿನ ಮರಿಗೆ, ಅಂದರೆ ತೊಟ್ಟಿ. ವೇಣೂರಿನ ನಮ್ಮ ಅಂಗಳದ ಮೂಲೆಯಲ್ಲಿ ಅದನ್ನು ಅರ್ಧ ಹೂತು, ನೈದಿಲೆ ಇಳಿಸಿ, ಸುತ್ತ ಹೂಗಿಡ ನೆಟ್ಟು, ಹಕ್ಕಿ ಚಿಟ್ಟೆಗಳು ಬರಲೆಂದು ಕಾದಿದ್ದೆ. ಒಂದೂ ಬಂದಿರಲಿಲ್ಲ.

“ಒಳ್ಳೆಯದು ಮಾಡಿದೆ ಮಗಾ. ಕಾಲು ತೊಳೆಯಲು ಇನ್ನು ಬಾವಿಕಟ್ಟೆಗೆ ಹೋಗಬೇಕೆಂದಿಲ್ಲ,” ಎಂದರು ಮಾವ.

ಅವರು ನನ್ನ ಗಂಡನ ಸೋದರಮಾವ, ಆಸ್ತಿ ಮಾವನಿಂದ ಅಳಿಯನಿಗೆ ಹೋಗುವ ಅಳಿಯಕಟ್ಟಿನ ನಮ್ಮ ಮನೆಯ ಯಜಮಾನರು. ಅದು ಹಕ್ಕಿಗಳಿಗೆ ಎಂದು ಅವರಿಗೆ ಹೇಳುವ ಬಾಯಿ ಯಾರಿಗೆ ಉಂಟು? ಮರುದಿನದಿಂದ ಅತ್ತೆ ಕಾಲು ತೊಳೆಯುವ ಚೆಂಬನ್ನು ಅಲ್ಲೇ ಇಟ್ಟರು. ಬಂದವರೆಲ್ಲ ಅಲ್ಲೇ ತೊಳೆದರು. ನನಗೆ ಅಳು ಬರುವಷ್ಟು ಸಿಟ್ಟು.

ಒಂದು ಮಧ್ಯಾಹ್ನ ನೋಡಿದರೆ, ಕಾಲು ತೊಳೆದ ನೀರು ನಿಂತ ಕೆಸರಿನಲ್ಲಿ ಹಳದಿ ಚಿಟ್ಟೆಗಳ ಹಿಂಡು! ಪಕ್ಕದಲ್ಲೇ ಪಿಕಳಾರ ಹಕ್ಕಿಗಳು ಮೀಯುತ್ತಿದ್ದವು. ನನ್ನ ತಿಳಿನೀರಿನತ್ತ ಒಂದೂ ತಿರುಗಿ ನೋಡಲಿಲ್ಲ. ಸಂತೋಷಪಡಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ.

ಮಾವ ಮತ್ತೆ ಬಂದಾಗ ಚೆಂಬನ್ನು ನಾನೇ ತುಂಬಿಸಿ ಕೊಟ್ಟೆ. “ಇನ್ನೊಂದು ಚೆಂಬು ಹೊಯ್ದುಕೊಳ್ಳಿ ಮಾವ,” ಎಂದೆ. ಅವರು ಗಾಬರಿಯಾಗಿ ತಮ್ಮ ಪಾದಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಆ ಹೂದೋಟಕ್ಕೆ ಜೀವ ಬಂದದ್ದು ನನ್ನ ಕೈಯಿಂದಲೋ ಅವರ ಕಾಲಿನಿಂದಲೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳಿದವರಿಗೆ ಮಾತ್ರ ನನ್ನ ಕೈಯನ್ನೇ ತೋರಿಸುತ್ತೇನೆ.