ಖಾಲಿ ವಿಮಾನದ ಕಾವಲು

ಸಂಡೂರು ದಾರಿಯಲ್ಲಿ ನಾಲ್ಕಾರು ಗಣಿ ಮಾಲೀಕರು ಸೇರಿ ಹಾಕಿಸಿಕೊಂಡಿದ್ದ ಸಣ್ಣ ರನ್‌ವೇಯಲ್ಲಿ ನಾನು ಆಂಬುಲೆನ್ಸ್ ಡ್ರೈವರ್ ಆಗಿದ್ದೆ. ಕೆಲಸವೆಂದರೆ ಬರೀ ಕಾಯುವುದು. ವಿಮಾನ ಇಳಿಯುವ ಅರ್ಧ ಗಂಟೆ ಮೊದಲೇ ಬೆಂಕಿ ಆರಿಸುವ ಗಾಡಿ, ಅದರ ಪಕ್ಕ ನನ್ನ ಗಾಡಿ, ಎರಡೂ ಎಂಜಿನ್ ಚಾಲೂ ಇಟ್ಟು ನಿಲ್ಲಬೇಕು. ವಿಮಾನದ ಚಕ್ರ ನಿಂತು, ರೇಡಿಯೊದಲ್ಲಿ ‘ಆಯಿತು’ ಎನ್ನುವ ತನಕ ಅಲ್ಲಾಡುವ ಹಾಗಿಲ್ಲ. ಸುತ್ತಲಿನ ಹಳ್ಳಿಯವರು ಬೇಲಿಗೆ ಬಂದು ನೋಡುತ್ತಿದ್ದರು. ಅವರಲ್ಲಿ ವಿಮಾನ ಹತ್ತಿದವರು ಒಬ್ಬರೂ ಇಲ್ಲ. ನನ್ನ ಸ್ಟ್ರೆಚರ್ ಮೇಲೂ ಮೂರು ವರ್ಷದಲ್ಲಿ ಯಾರೂ ಮಲಗಿರಲಿಲ್ಲ. ಮಧ್ಯಾಹ್ನ ನಾನೇ ಅದರ ಮೇಲೆ ನಿದ್ದೆ ಹೊಡೆಯುತ್ತಿದ್ದೆ.

ಅವತ್ತು ಬೆಳಗ್ಗೆ ಹಾಗೆ ನಿಂತಿದ್ದಾಗ ಭಾವನ ಫೋನು ಬಂತು. ನನ್ನನ್ನು ಎತ್ತಿ ಬೆಳೆಸಿದ ಅಕ್ಕನಿಗೆ ಪಾಪಿನಾಯಕನಹಳ್ಳಿ ಹತ್ತಿರ ಅದಿರು ಲಾರಿ ಬಡಿದಿತ್ತು.

“ಹೊಸಪೇಟಿ ಆಂಬುಲೆನ್ಸ್ ಲಾರಿ ಸಾಲಿನಾಗ ಸಿಕ್ಕೊಂಡೈತಿ. ನಿನ್ನ ಕಡಿಂದ ದಾರಿ ಖಾಲಿ ಐತಿ, ಜಲ್ದಿ ಬಾರಲೇ. ಇನ್ನೂ ಉಸಿರಾಡಾಕತ್ಯಾಳ.”

ರೇಡಿಯೊ ನೋಡಿಕೊಳ್ಳುತ್ತಿದ್ದ ಗೆಳೆಯ ಕಂಪ್ಲಿಯವನು. ರೇಡಿಯೊದಲ್ಲೇ ನನ್ನಿಂದ ವಿಷಯ ಕೇಳಿ ಮೇಲಿನ ಕೋಣೆಯಿಂದ ಕೆಳಗೆ ಓಡಿ ಬಂದ. “ಹೋಗಿಬಿಡೋ. ಬರಾಕತ್ತಿದ್ದು ಖಾಲಿ ವಿಮಾನ, ಪೈಲಟ್ ಒಬ್ಬನ ಅದಾನ. ಧಣಿಗಳನ್ನ ಕರಕೊಂಡು ಹೋಗಾಕ ಬರ್ತೈತಿ. ಯಾರರ ಕೇಳಿದ್ರ ನಾ ಹೇಳ್ತೀನಿ.”

ನಾನು ಹೋಗಲಿಲ್ಲ. ಹಿಂದಿನ ತಿಂಗಳಷ್ಟೇ, ವಿಮಾನ ಬರುವ ಹೊತ್ತಿಗೆ ಚಹಾ ಕುಡಿಯಲು ಹೋಗಿದ್ದ ಬೆಂಕಿ ಗಾಡಿಯವನನ್ನು ನಿಂತ ಕಾಲಲ್ಲೇ ಮನೆಗೆ ಕಳಿಸಿದ್ದರು. ಅಂಥ ನೌಕರಿ ನನಗೆ ಇನ್ನೆಲ್ಲಿ ಸಿಗಬೇಕು? ಹತ್ತು ನಿಮಿಷ ತಾನೇ, ಇಳಿದ ಕೂಡಲೇ ಹೊರಡೋಣ ಅಂದುಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ. ಕೆಂಪು ಧೂಳಿಗೆ ರನ್‌ವೇ ಕಾಣದೆ ವಿಮಾನ ಒಂದು ಸುತ್ತು ಹೊಡೆಯಿತು, ಮತ್ತೊಂದು ಹೊಡೆಯಿತು. ಹತ್ತು ಹೋಗಿ ನಲವತ್ತು ನಿಮಿಷವಾಯಿತು. ಸ್ಟೇರಿಂಗ್ ಹಿಡಿದು ಆಕಾಶ ನೋಡುತ್ತಾ ಕೂತೆ. ಗೇರ್ ಹಾಕಲಿಲ್ಲ. ಕೊನೆಗೂ ಇಳಿಯಿತು. ಪೈಲಟ್ ಇಳಿದು ನನ್ನ ಕಡೆ ನೋಡಿ ಕೈ ಬೀಸಿದ.

ನಾನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಭಾವ ತನ್ನ ಟವೆಲನ್ನು ಅಕ್ಕನ ಮುಖಕ್ಕೆ ಹೊದಿಸಿ ಕೂತಿದ್ದ. ರಸ್ತೆಯ ಧೂಳು ಅದರ ಮೇಲೂ ಕೂತಿತ್ತು.

ಮಣ್ಣು ಮಾಡಿ ಬಂದ ಮೇಲೆ, ಭಾವ ಕಟ್ಟೆಯ ಮೇಲೆ ಕೂತು ಕೇಳಿದ: “ವಿಮಾನದಾಗ ಭಾಳ ಮಂದಿ ಇದ್ರೇನು?”

“ತುಂಬಿತ್ತು,” ಅಂದೆ.

“ಹಂಗಾದ್ರ ನೀನರ ಹೆಂಗ ಬರ್ತಿದ್ದಿ ಬಿಡು. ಅಷ್ಟು ಮಂದಿದೂ ಜೀವ ಅಲ್ಲೇನು?” ಎನ್ನುತ್ತಾ ನನ್ನ ಬೆನ್ನು ಸವರಿದ.

ಆ ಕೈಯನ್ನು ನಾನು ತಡೆಯಲಿಲ್ಲ.