ಯಂತ್ರಕ್ಕೆ ನಡಿಗೆ ಕಲಿಸಿದ ವೈರಕ್ಕ

ಐವತ್ತೆರಡು ದಾಟಿದ ವೈರಕ್ಕನ ಅಂಗಡಿಗೆ ಗಂಟಲು ಕಟ್ಟಿದ ಸ್ಪೀಕರು, ಸ್ವರ ಸತ್ತ ಕೀಬೋರ್ಡು, ಸುಮ್ಮನೆ ಗುಂಯ್‌ಗುಡುವ ಆಂಪ್ಲಿಫೈಯರು ಎಲ್ಲವೂ ರಿಪೇರಿಗೆ ಬರುತ್ತಿದ್ದವು. ಗಿರಾಕಿಗಳು ಬಿಟ್ಟುಹೋದ ಮೂರು ಕೀಬೋರ್ಡುಗಳ ಕರುಳು ಜೋಡಿಸಿ ಅವಳು ತನ್ನದೇ ಒಂದು ತಾಳದ ಯಂತ್ರ ಮಾಡಿಕೊಂಡಿದ್ದಳು. ಬಿಡುವಾದಾಗ ಅದರಲ್ಲಿ ಸಂಗೀತ ಕಟ್ಟುವುದೇ ಅವಳ ಹುಚ್ಚು. ಮಹಡಿಯ ಮೇಲೆ ಜೊತೆಗಿದ್ದ ಅವಳ ಅಕ್ಕ ಮಾತ್ರ, "ಮಿಕ್ಸಿಯೊಳಗೆ ಚಮಚ ಬಿದ್ದ ಹಾಗಿದೆ" ಎನ್ನುತ್ತಿದ್ದಳು.

ಒಂದು ದಿನ ಎದುರು ಬೇಕರಿಯಲ್ಲಿ ಹಿಟ್ಟು ನಾದುವ ಬ್ರೆಡ್ಡಣ್ಣ ಕೆಟ್ಟ ಸ್ಪೀಕರು ಹಿಡಿದು ಬಂದ. ಆಫ್ರಿಕಾದ ಪಶ್ಚಿಮ ಕರಾವಳಿಯವನು. ಈ ಊರಿಗೆ ಬಂದು ಹನ್ನೊಂದು ವರ್ಷ, ಇಲ್ಲಿನ ಮಾತು ಅವನಿಗೆ ನೀರು ಕುಡಿದಷ್ಟು ಸಲೀಸು. ಡೋಲು ಅವನಿಗೆ ಅಪ್ಪನಿಂದ ಬಂದದ್ದು. ಯಂತ್ರದ ಸದ್ದು ಕಿವಿಗೆ ಬಿದ್ದದ್ದೇ ತಡ, ಸ್ಕ್ರೂ ಡಬ್ಬಿ ಎಳೆದುಕೊಂಡು ಅದರ ಮೇಲೆ ಬೆರಳಾಡಿಸಿದ. ವೈರಕ್ಕ ಕೈಲಿದ್ದ ಸ್ಕ್ರೂಡ್ರೈವರು ಕೆಳಗಿಟ್ಟಳು.

"ನಾಳೆ ಡೋಲು ತಗೊಂಡು ಬನ್ನಿ" ಎಂದಳು.

ಅವನು ಬಂದು ಬಾರಿಸಿದ, ಅವಳು ರೆಕಾರ್ಡ್ ಮಾಡಿಕೊಂಡಳು. ಆಮೇಲೆ ಕೂತು ಒಂದೊಂದೇ ಪೆಟ್ಟನ್ನು ಯಂತ್ರದ ಎಣಿಕೆಗೆ ಎಳೆದು, ಸ್ಕೇಲಿಟ್ಟ ಹಾಗೆ ನೇರ ಮಾಡಿ ಕೇಳಿಸಿದಳು.

"ಯಾರಕ್ಕಾ ಇವನು? ಪಾಪ, ಹೊಸ ಚಪ್ಪಲಿ ಕಚ್ಚಿದೆಯೇನೋ, ಕುಂಟ್ತಿದ್ದಾನೆ" ಎಂದ ಬ್ರೆಡ್ಡಣ್ಣ.

"ನೀವೇ! ಆಚೀಚೆ ಬಿದ್ದಿದ್ದನ್ನ ಸರಿ ಮಾಡಿದೀನಿ."

"ಆಚೀಚೆ ಬಿದ್ದಿದ್ದೇ ಸರಿಯಾಗಿತ್ತಲ್ಲಕ್ಕಾ."

ವೈರಕ್ಕನಿಗೆ ಕೋಪ ಮೊದಲೇ ಮೂಗಿನ ತುದಿಯಲ್ಲಿ. ಹತ್ತು ದಿನ ಆ ಬೇಕರಿಯ ಬ್ರೆಡ್ಡು ಮನೆಗೆ ಬರಲಿಲ್ಲ. ಹನ್ನೊಂದನೆಯ ದಿನ ಅಕ್ಕ ಸಿಡಿದಳು: "ನಿನ್ನ ಜಂಬಕ್ಕೆ ನಾನ್ಯಾಕೇ ಬೇರೆ ಅಂಗಡಿಯ ಕಲ್ಲಿನಂಥ ಬನ್ನು ತಿನ್ಬೇಕು? ಹೋಗಿ ಮಾತಾಡು!"

ಹೋದಳು. ಬ್ರೆಡ್ಡಣ್ಣ ಅವಳನ್ನು ಹಿಟ್ಟಿನ ಮೇಜಿನ ಮುಂದೆ ನಿಲ್ಲಿಸಿ ನಾದಲು ಹೇಳಿದ. ಬಲಗೈ ಮೂರು ಸಲ ಒತ್ತುವಷ್ಟರಲ್ಲಿ ಎಡಗೈ ಎರಡು ಸಲ ಒತ್ತಬೇಕು.

"ಇದ್ರಲ್ಲಿ ಒಂದು ಅಂತ ಎಣಿಕೆ ಶುರು ಮಾಡೋದು ಎಲ್ಲಿಂದ?"

"ಎಣಿಸಬೇಡಿ ಅಕ್ಕಾ, ಒತ್ತಿ."

ಒಂದು ವಾರ ಅವಳ ಎರಡು ಕೈಗಳೂ ದಾಯಾದಿಗಳಂತೆ ಜಗಳವಾಡಿದವು. ಕೂದಲಿಗೆಲ್ಲ ಹಿಟ್ಟು. ಎಂಟನೆಯ ದಿನ ಯಾರೋ ಗಿರಾಕಿಯನ್ನು ಬೈಯುತ್ತ ನಾದುತ್ತಿದ್ದಾಗ ಕೈಗಳು ತಾವಾಗಿಯೇ ರಾಜಿಯಾದವು. ಅದು ಗೊತ್ತಾಗಿ "ಬಂತು!" ಎಂದು ಕಿರುಚಿದಳು, ತಕ್ಷಣ ಹೋಯಿತು.

ಅಂದೇ ಅಂಗಡಿಗೆ ಓಡಿ ಯಂತ್ರದ ಹೊಟ್ಟೆ ಬಿಚ್ಚಿದಳು. ಎಣಿಕೆ ಕೊಡುವ ತಂತಿ ಕಿತ್ತು, ಬ್ರೆಡ್ಡಣ್ಣನ ಡೋಲಿಗೊಂದು ಪುಟ್ಟ ಮೈಕು ಕಟ್ಟಿ ಆ ಜಾಗಕ್ಕೆ ಜೋಡಿಸಿದಳು. ಇನ್ನು ಡೋಲು ಮುಂದೆ, ಯಂತ್ರ ಹಿಂದೆ. ಮೊದಲ ಸಲ ಬಾರಿಸಲು ಕೂತಾಗ ಬ್ರೆಡ್ಡಣ್ಣ ಸೀನಿದ. ಯಂತ್ರ ಅದನ್ನೂ ತಾಳವೆಂದುಕೊಂಡು ನೆಗೆಯಿತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಎರಡು ತಿಂಗಳ ಮೇಲೆ ಗ್ರಂಥಾಲಯದ ಹಾಲಿನಲ್ಲಿ ನುಡಿಸಿದಾಗ ನಲವತ್ತು ಜನ ಕುರ್ಚಿ ಸರಿಸಿ ಕುಣಿದರು. ಅದರ ರೆಕಾರ್ಡಿಂಗನ್ನು ಬ್ರೆಡ್ಡಣ್ಣ ತನ್ನೂರಲ್ಲಿದ್ದ ಅಪ್ಪನಿಗೆ ಕಳಿಸಿದ. ಮುದುಕ ಫೋನು ಮಾಡಿ ಏನೋ ಹೇಳಿದ.

"ಏನಂತೆ?" ವೈರಕ್ಕ ಕತ್ತು ಚಾಚಿದಳು.

"ಹಿಂದೆ ಬಾರಿಸ್ತಿರೋ ಹುಡುಗ ಪರವಾಗಿಲ್ಲವಂತೆ. ಇನ್ನೊಂದು ಹತ್ತು ವರ್ಷ ಕಲೀಲಿ ಅಂದ್ರು."

"ನಮ್ಮ ಯಂತ್ರಾನಾ?" ಎಂದವಳೇ ವೈರಕ್ಕ ಅದರ ಮೇಲಿನ ಧೂಳನ್ನು ಸೆರಗಿನಿಂದ ಒರೆಸತೊಡಗಿದಳು.